ಎಲ್ಲರ ಸಿಸ್ಟರ್, ನನ್ನ ತಂಗಿ

ಜನವರಿ 12

ಮೇಟ್ರನ್ ಅಮ್ಮನವರಿಗೆ ನಮಸ್ಕಾರ.

ನಾನ್ಯಾರು ಅಂತ ನಿಮಗೆ ಗೊತ್ತಿರಲಿಕ್ಕಿಲ್ಲ. ಆಸ್ಪತ್ರೆ ಎದುರಿನ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ, ಎಲ್ಲರೂ ಟೈಲರಮ್ಮ ಅಂತಾರೆ. ನಿಮ್ಮ ತಂಗಿ ಹೋದ ದಿನ ನಿಮ್ಮ ಮಗನಿಗೆ ಫೋನ್ ಮಾಡಿದ್ದು ನಾನೇ. ನಿಮ್ಮ ಕಾಲು ಮುರಿದು ಪ್ಲಾಸ್ಟರ್ ಹಾಕಿದೆ, ಏಳೋ ಹಾಗಿಲ್ಲ ಅಂದರು. ಅಂತ್ಯಕ್ರಿಯೆಗೆ ನೀವಿಲ್ಲದ್ದು ನಮಗೆಲ್ಲ ಕಸಿವಿಸಿ ಆಯ್ತು. ಫೋನಿನಲ್ಲಿ ನಿಮಗೆ ಈಗೀಗ ಸರಿಯಾಗಿ ಕೇಳಿಸಲ್ಲ ಅಂತ ಅವರೇ ಹೇಳಿದ್ದಕ್ಕೆ ಈ ಕಾಗದ.

ಸಿಸ್ಟರ್ ರಿಟೈರ್ ಆದ ಮೇಲೂ ಮನೇಲಿ ಕೂತವರಲ್ಲ, ನಿಮಗೆ ಗೊತ್ತೇ ಇದೆ. ಸಂಬಳ ಇಲ್ಲದೆ ಅದೇ ಆಸ್ಪತ್ರೆಗೆ ವಾಪಸ್ ಬಂದರು. ಡಯಾಲಿಸಿಸ್ ವಾರ್ಡಿಗೆ ಬರೋ ರೋಗಿಗಳು ಮೆಷಿನ್ನಿಗೆ ಕೈ ಕೊಟ್ಟು ಅರ್ಧ ದಿನ ಕೂತಿರಬೇಕು, ಅದೂ ವಾರದಲ್ಲಿ ಎರಡು ಮೂರು ಸಲ, ಬದುಕಿರೋವರೆಗೆ. ಆ ಅರ್ಧ ದಿನ ದೂಡಿಸೋದೇ ಸಿಸ್ಟರ್ ಕೆಲಸ. ಉಗುರು ಕತ್ತರಿಸೋರು, ಪೇಪರ್ ಓದೋರು, ಎಲ್ಲರನ್ನೂ ಗೋಳು ಹೊಯ್ಕೊಳ್ಳೋರು. ದೊಡ್ಡ ಡಾಕ್ಟರು ರೌಂಡ್ಸಿಗೆ ಬರೋ ಹೊತ್ತಿಗೆ, "ಎಲ್ಲರೂ ಸ್ವಲ್ಪ ಕಾಯಿಲೆಯವರ ಥರ ಕಾಣಿಸ್ರಪ್ಪಾ, ಇಲ್ಲಾಂದ್ರೆ ಪಾಪ ಡಾಕ್ಟರಿಗೆ ಬೇಜಾರಾಗುತ್ತೆ" ಅನ್ನೋರು. ಸೂಜಿಗೆ ಹೆದರೋರಿಗೆ, "ನೋವಾದ್ರೆ ಕೂಗಿ. ಆದ್ರೆ ನನ್ನ ಹೆಸರು ಹಿಡಿದು ಕೂಗ್ಬೇಡಿ, ಪಕ್ಕದ ವಾರ್ಡ್ ಸಿಸ್ಟರ್ ಹೆಸರು ಹೇಳಿ" ಅನ್ನೋರು. ಇಡೀ ವಾರ್ಡು ಬಿದ್ದು ಬಿದ್ದು ನಗೋದು.

ನನ್ನ ಗಂಡನೂ ಅದೇ ವಾರ್ಡಿನ ರೋಗಿ. ಅವರು ತೀರಿಕೊಂಡ ಮೇಲೆ ಅಲ್ಲೇ ಉಳಿದಿದ್ದ ಸ್ವೆಟರ್ ತರೋಕೆ ಹೋದೆ. ಸಿಸ್ಟರ್ ಒಂದು ಸಮಾಧಾನದ ಮಾತೂ ಆಡಲಿಲ್ಲ. ಅಂಚು ಬಿಚ್ಚಿಹೋಗಿದ್ದ ಪರದೆಗಳನ್ನ ತಂದು ಮಡಿಲಿಗೆ ಹಾಕಿ, "ಇದು ಹೊಲಿಯೋಕಾಗುತ್ತಾ ನೋಡಮ್ಮ" ಅಂದರು. ಹೊಲಿಯೋಕೆ ಕೂತವಳು ಹನ್ನೆರಡು ವರ್ಷ ಏಳಲಿಲ್ಲ.

ಮಾರ್ಚ್ ಮೂರನೇ ವಾರ ಆಸ್ಪತ್ರೆಯಲ್ಲಿ ಅವರ ನೆನಪಿಗೆ ಒಂದು ಸಭೆ ಇದೆ. ಚಿಕ್ಕಂದಿನಲ್ಲಿ ಅವರು ಹೇಗಿದ್ದರು ಅಂತ ನೀವು ನಾಲ್ಕು ಸಾಲು ಬರೆದು ಕಳಿಸಿದರೆ ಓದಿಸ್ತೀವಿ. ಅವರ ಬಗ್ಗೆ ನಮಗೆ ಎಲ್ಲಾ ಗೊತ್ತು, ಅದೊಂದು ಬಿಟ್ಟು.

ಇಂತಿ,
ಟೈಲರಮ್ಮ


ಜನವರಿ 20

ಟೈಲರ್ ಅವರಿಗೆ,

ನಿಮ್ಮ ಪತ್ರ ತಲುಪಿತು. ಸಭೆ ಮಾಡುತ್ತಿರುವುದು ಸಂತೋಷ.

ನಿಮ್ಮ ಪತ್ರದಲ್ಲಿ ಸಿಸ್ಟರ್, ಸಿಸ್ಟರ್ ಅಂತ ಸಾಲು ಸಾಲಿಗೂ ಬರೆದಿದ್ದೀರಿ. ನಾನೂ ಇನ್ನೊಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ರಿಟೈರ್ ಆದವಳು; ನರ್ಸುಗಳನ್ನು ಹಾಗೆ ಕರೆಯುವುದು ಹೊಸದಲ್ಲ. ಆದರೂ ಹೇಳುತ್ತೇನೆ. ಅವಳು ಊರಿಗೆಲ್ಲ ಸಿಸ್ಟರ್ ಆಗಿದ್ದಿರಬಹುದು, ಒಡಹುಟ್ಟಿದವಳು ಅಂತ ಇದ್ದದ್ದು ನಾನೊಬ್ಬಳೇ.

ಪಕ್ಕದ ವಾರ್ಡಿನ ಸಿಸ್ಟರ್ ಹೆಸರು ಹಿಡಿದು ಕೂಗಿ ಅನ್ನುವ ಮಾತು ಅವಳದಲ್ಲ. ನನ್ನದು. ಅವಳಿನ್ನೂ ಟ್ರೈನಿಂಗಿಗೆ ಸೇರಿರಲಿಲ್ಲ, ನಾನು ಎರಡನೇ ವರ್ಷದಲ್ಲಿದ್ದೆ. ಹಲ್ಲು ಕಚ್ಚಿಕೊಂಡು ಮಲಗಿದ್ದ ಒಬ್ಬ ಕಮ್ಮಾರನಿಗೆ ಅದನ್ನ ಹೇಳಿದ್ದೆ. ಮನೆಗೆ ಹೋದಾಗ ತಂಗಿಗೆ ಹೇಳಿ ನಗಿಸಿದೆ. ಅವಳು ಅದನ್ನು ನಿಮ್ಮ ವಾರ್ಡಿನಲ್ಲಿ ಇಷ್ಟು ವರ್ಷ ತನ್ನದು ಅಂತ ಓಡಿಸಿದ್ದು ನನಗೆ ಈಗ ಗೊತ್ತಾಗುತ್ತಿದೆ. ಸಭೆಯಲ್ಲಿ ಆ ಮಾತು ಹೇಳುವುದಾದರೆ ಯಾರದ್ದು ಅಂತಲೂ ಹೇಳಿ.

ಚಿಕ್ಕಂದಿನ ವಿಷಯ ಬರೆಯಲು ನನಗೆ ಮನಸ್ಸಿಲ್ಲ. ನಿಮಗೆ ಎಲ್ಲಾ ಗೊತ್ತು ಅಂದಿದ್ದೀರಿ, ಉಳಿದದ್ದಾದರೂ ನನ್ನ ಹತ್ತಿರ ಇರಲಿ.

ಒಂದು ಕೇಳಬೇಕು. ಸ್ಟ್ರೋಕ್ ಆದ ಮೇಲೆ ಅವಳು ಕೆಲವು ದಿನ ಇದ್ದಳಲ್ಲ, ಆಗ ನೀವೇ ಜೊತೆಗಿದ್ದಿರಿ ಅಂತ ಮಗ ಹೇಳಿದ. ಏನಾದರೂ ಮಾತಾಡಿದಳಾ?

ಅವಳ ಅಕ್ಕ


ಜನವರಿ 29

ಮೇಟ್ರನ್ ಅಮ್ಮನವರಿಗೆ ನಮಸ್ಕಾರ.

ಆ ಮಾತು ನಿಮ್ಮದು ಅಂತ ನಮಗೆ ತಿಳಿದಿರಲಿಲ್ಲ. ಸಿಸ್ಟರ್ ಯಾವತ್ತೂ ಹೇಳಲಿಲ್ಲ. ಆದ್ರೆ ಅಮ್ಮಾ, ಬಟ್ಟೆ ಯಾರ ಅಂಗಡೀದಾದ್ರೂ ಹೊಲಿದವಳ ಕೈಗುಣ ಅಂತ ಒಂದಿರುತ್ತಲ್ಲ. ಅವರು ಹೇಳಿದ ಹಾಗೆ ನೀವು ಹೇಳ್ತಿದ್ರೋ ಇಲ್ವೋ ನಾನು ಕೇಳಿಲ್ಲ.

ಕೊನೇ ದಿನಗಳಲ್ಲಿ ಅವರ ಮಾತು ಸ್ಪಷ್ಟ ಇರಲಿಲ್ಲ. ಬಾಯಿ ಒಂದು ಕಡೆ ಎಳೆದುಬಿಟ್ಟಿತ್ತು. ಏನೋ ಒಂದೆರಡು ಮಾತು, ಅಷ್ಟೇ.

ಅವರು ಯಾವ ತೊಂದರೇನೂ ಪಡದ ಹಾಗೆ ನಾನು ನೋಡಿಕೊಂಡೆ, ಆ ಚಿಂತೆ ನಿಮಗೆ ಬೇಡ. ಅವರ ಮನೆ ಬೀಗದ ಕೈ ಮೊದಲಿನಿಂದಲೂ ನನ್ನ ಹತ್ರಾನೇ ಇತ್ತು. ಚಹಾ ಆರಿಸಿ ಕುಡಿಯೋದು, ಎಡಗಡೆ ಹಲ್ಲಲ್ಲಿ ಬಿಸ್ಕತ್ತು ಅಗಿಯೋಕಾಗಲ್ಲ ಅನ್ನೋದು, ಕನ್ನಡಕ ತಲೆ ಮೇಲೇ ಇಟ್ಕೊಂಡು ಮನೆಯೆಲ್ಲ ಹುಡುಕೋದು, ಇದೆಲ್ಲ ನನಗೆ ಬಾಯಿಪಾಠ. ಜೊತೆಗೆ ಒಂದು ಫೋಟೋ ಇಟ್ಟಿದೀನಿ. ಹೋದ ವರ್ಷ ವಾರ್ಡಿನಲ್ಲಿ ತೆಗೆದದ್ದು. ಪಕ್ಕದಲ್ಲಿ ಇರೋದು ನಾನು.

ತೂಕದ ಮೆಷಿನ್ ಮೇಲೆ ನಿಂತಿರೋರು ಡ್ರೈವರ್. ಬಸ್ ಓಡಿಸ್ತಿದ್ದರು, ಕಿಡ್ನಿ ಹೋದ ಮೇಲೆ ಬಿಟ್ಟರು. ನೀರು ಜಾಸ್ತಿ ಕುಡಿದು ತೂಕ ಏರಿಸ್ಕೊಂಡು ಬಂದಿದ್ದರು ಅವತ್ತು. ಸಿಸ್ಟರ್, "ಏನ್ರೀ ಡ್ರೈವರ್, ದಾರೀಲಿ ಯಾರನ್ನೋ ಹತ್ತಿಸ್ಕೊಂಡ ಹಾಗಿದೆ. ಟಿಕೆಟ್ ಕೊಟ್ರಾ ಅವರಿಗೆ?" ಅಂದರು. ಆಗ ತೆಗೆದ ಫೋಟೋ. ಈಗ ಅದೇ ಡ್ರೈವರ್ ಸರದಿ ತಪ್ಪಿಸ್ತಿದಾರೆ. ಹೋದ ವಾರ ಒಂದೇ ಸಲ ಬಂದರು. "ಅಲ್ಲಿ ಬಂದು ಕೂತು ಏನು ಮಾಡ್ಲಿ" ಅಂತಾರಂತೆ. ಸರದಿ ತಪ್ಪಿಸಿದರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅವರನ್ನ ನಗಿಸೋಕೆ ನಾನೇ ಪ್ರಯತ್ನ ಮಾಡ್ತಿದೀನಿ.

ಇಂತಿ,
ಟೈಲರಮ್ಮ


ಫೆಬ್ರವರಿ 6

ಟೈಲರಮ್ಮನವರಿಗೆ,

ಫೋಟೋ ನೋಡಿದೆ. ನೋಡಬಾರದಿತ್ತು.

ನನ್ನ ತಂಗಿಗೆ ಮುಂದಿನ ಹಲ್ಲು ಸ್ವಲ್ಪ ಉಬ್ಬು. ನನ್ನ ಮುಂದೆ ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದಳು. ನಿಮ್ಮ ಫೋಟೋದಲ್ಲಿ ಕೈ ಇಲ್ಲ. ಬಾಯಿ ತುಂಬ, ಹಲ್ಲು ಪೂರ್ತಿ ಕಾಣುವಂತೆ ನಕ್ಕಿದ್ದಾಳೆ. ಯಾವನೋ ಬಸ್ ಡ್ರೈವರಿನ ತೂಕ ನೋಡಿಕೊಂಡು!

ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಅವಳು ರಿಟೈರ್ ಆದಾಗ ನಾನು ಇಲ್ಲಿ ಮಗನ ಮನೆಯಲ್ಲಿ ಅವಳಿಗೊಂದು ಕೋಣೆ ಸಿದ್ಧ ಮಾಡಿಸಿದ್ದೆ. ಕಿಟಕಿಗೆ ಹೊಸ ಪರದೆ, ಗೋಡೆಗೆ ಅವಳಿಗಿಷ್ಟವಾದ ತಿಳಿ ಹಸಿರು ಬಣ್ಣ. ಅವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ನನ್ನ ಗಂಡ ತೀರಿಹೋಗಿದ್ದ. ಇಬ್ಬರೂ ಜೊತೆಗಿರೋಣ ಅಂದೆ. "ಇಲ್ಲ ಅಕ್ಕಾ, ಇಲ್ಲಿ ನನ್ನ ಜನ ಇದಾರೆ" ಅಂದಳು. ನನ್ನ ಜನ! ಆ ಕೋಣೆಯಲ್ಲಿ ಈಗ ಸೊಸೆ ಇಸ್ತ್ರಿ ಮಾಡುತ್ತಾಳೆ.

ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಬಿ.ಪಿ. ಎಷ್ಟಿದೆ, ಇಷ್ಟು ಕೇಳಿ, "ಹೊರಟೆ ಅಕ್ಕಾ, ಕಾಯ್ತಿದಾರೆ" ಅನ್ನುವಳು. ಯಾರು ಕಾಯುತ್ತಿದ್ದರು ಅಂತ ಈಗ ಫೋಟೋ ನೋಡಿದರೆ ಗೊತ್ತಾಗುತ್ತದೆ. ನಗುವೆಲ್ಲ ನಿಮಗೆ, ಬಿ.ಪಿ. ನನಗೆ.

ಡ್ರೈವರಿನ ವಿಷಯ. ನೀವು ಅವನನ್ನು ನಗಿಸಲು ಹೋಗಬೇಡಿ. ಅವನು ಕಳೆದುಕೊಂಡಿರುವುದು ತಮಾಷೆಯನ್ನಲ್ಲ. ತಾನು ಬರದೇ ಇದ್ದರೆ ಯಾಕೆ ಬರಲಿಲ್ಲ ಅಂತ ಬೈಯುವವರನ್ನು. ಅವನು ತಪ್ಪಿಸಿದ ದಿನವೇ, ಮಾರನೇ ದಿನ ಅಲ್ಲ, ಆ ದಿನವೇ ಯಾರಾದರೂ ಮನೆಗೆ ಹೋಗಿ ಬಾಗಿಲಲ್ಲಿ ನಿಲ್ಲಬೇಕು.

ಇನ್ನೊಂದು. "ಏನೋ ಒಂದೆರಡು ಮಾತು" ಅಂತ ಬರೆದಿದ್ದೀರಿ. ಜೀವಮಾನವೆಲ್ಲ ವಾರ್ಡಿನ ಬಾಗಿಲಲ್ಲಿ ನಿಂತು ಸಂಬಂಧಿಕರಿಗೆ ಅರ್ಧ ಹೇಳಿ ಅರ್ಧ ನುಂಗಿದವಳು ನಾನು. ನುಂಗುವವರ ಗಂಟಲು ನನಗೆ ಗೊತ್ತು. ಅವಳು ಏನೋ ಹೇಳಿದ್ದಾಳೆ. ನನ್ನ ಮೇಲಿನ ದೂರಾದರೂ ಪರವಾಗಿಲ್ಲ, ಬರೆಯಿರಿ.

ಅವಳ ಅಕ್ಕ


ಫೆಬ್ರವರಿ 13

ಮೇಟ್ರನ್ ಅವರಿಗೆ,

ನಗುವೆಲ್ಲ ನಮಗೆ ಅಂತ ಬರೆದಿದೀರಲ್ಲ, ನೀವು ಒಂದು ದಿನ ಬಂದು ನೋಡಿದೀರಾ? ಅವರು ಮನೆಗೆ ಹೋಗಿ ಕಾಲು ಬಿಸಿನೀರಲ್ಲಿ ಇಟ್ಕೊಂಡು ಕೂತಾಗ ಅವರ ಮುಖದಲ್ಲಿ ನಗು ಇರ್ತಿತ್ತಾ? ಆ ನೀರು ಕಾಯಿಸಿ ಕೊಟ್ಟವಳು ನಾನು. ಆಗ ಅವರು ಯಾರ ವಿಷಯ ಮಾತಾಡ್ತಿದ್ದರು ಗೊತ್ತಾ? ನಿಮ್ಮದು. "ಅಕ್ಕ ಇದ್ದಿದ್ರೆ ಹೀಗೆ ಮಾಡ್ತಿದ್ಲು, ಅಕ್ಕ ಇದ್ದಿದ್ರೆ ಆ ಡಾಕ್ಟರಿಗೆ ನೀರಿಳಿಸ್ತಿದ್ಲು." ಹನ್ನೆರಡು ವರ್ಷ ನಾನು ನೀರು ಕಾಯಿಸಿದ್ದೂ ಆಯ್ತು, ಅಕ್ಕನ ಪುರಾಣ ಕೇಳಿದ್ದೂ ಆಯ್ತು. ಒಂದು ದಿನಾನಾದ್ರೂ ಅವರು ಬೇರೆ ಯಾರ ಹತ್ರಾನಾದ್ರೂ ನನ್ನ ವಿಷಯ ಹಾಗೆ ಹೇಳಿರಬಹುದಾ ಅಂತ ಯೋಚನೆ ಮಾಡ್ತಿದ್ದೆ.

ನೀವು ಹೇಳಿದ ಹಾಗೆ ಡ್ರೈವರ್ ಮನೆಗೆ ಹೋದೆ. ಮೆಟ್ಟಿಲ ಮೇಲೆ ಕೂತಿದ್ದರು, ನೀರು ತುಂಬಿ ಕಾಲು ಊದಿತ್ತು. ಬಾಯಿ ಸುಮ್ಮನಿರಬೇಕಲ್ಲ, ಆ ಟಿಕೆಟ್ ಮಾತನ್ನೇ ಹೇಳಿದೆ. ಅವರು ನನ್ನ ಮುಖಾನೇ ನೋಡಿ, "ಟೈಲರಮ್ಮ, ನೀವು ಬಟ್ಟೆ ಹೊಲೀರಿ" ಅಂದರು. ಆದ್ರೂ ನನ್ನ ಜೊತೆ ಬಂದರು. ಮುಂದಿನ ಸರದಿಗೆ ಮತ್ತೆ ಇಲ್ಲ.

ಈಗ ನೀವು ಕೇಳಿದ್ದು. ಹೇಳಬಾರದು ಅಂತಿದ್ದೆ.

ಸ್ಟ್ರೋಕ್ ಆದ ಮೇಲೆ ಸಿಸ್ಟರ್ ಕಣ್ಣು ಬಿಟ್ಟಾಗ ನಾನು ಮಂಚದ ಅಂಚಲ್ಲಿ ಕೂತಿದ್ದೆ. ನನ್ನ ಕೈ ಹಿಡ್ಕೊಂಡು "ಅಕ್ಕಾ" ಅಂದರು. ನಾನು, "ಸಿಸ್ಟರ್, ನಾನು ಟೈಲರಮ್ಮ" ಅಂದೆ. ಮತ್ತೆ "ಅಕ್ಕಾ" ಅಂದರು. ಆಮೇಲೆ ಎಚ್ಚರ ಆದಾಗಲೆಲ್ಲ ಅದೇ. ನಾನು ಅಂತ ಒಬ್ಬಳು ಅಲ್ಲಿದೀನಿ ಅಂತಾನೇ ಅವರಿಗೆ ಗೊತ್ತಾಗಲಿಲ್ಲ. ಬಾಯಿ ಒರೆಸಿದ್ದು ನಾನು, ಮಗ್ಗುಲು ಬದಲಿಸಿದ್ದು ನಾನು, ಕರೆದದ್ದು ನಿಮ್ಮನ್ನ. ಕೊನೆಗೆ ಸುಮ್ಮನೆ ನಾನೇ "ಹೂಂ, ಇಲ್ಲೇ ಇದೀನಿ" ಅನ್ನೋಕೆ ಶುರು ಮಾಡಿದೆ.

ಕೊನೇ ಬೆಳಿಗ್ಗೆ ನನ್ನ ಕಡೆ ತಿರುಗಿ, "ಅಕ್ಕಾ, ಸರಿ" ಅಂದರು. ಎರಡು ಸಲ ಅಂದರು. ಎಲ್ಲಾ ಸರಿಯಾಗಿದೆ, ಅಳಬೇಡ ಅಂತ ಹೇಳಿದ ಹಾಗೆ. ಆಮೇಲೆ ನಿದ್ದೆ ಹೋದರು, ಮತ್ತೆ ಏಳಲಿಲ್ಲ. ಆ "ಸರಿ" ಅನ್ನೋ ಮಾತನ್ನ ನಾನು ವಾರ್ಡಿನವರಿಗೆಲ್ಲ ಹೇಳಿದೆ. ಕೇಳಿ ಎಲ್ಲರೂ ಕಣ್ಣೊರೆಸಿಕೊಂಡರು. ಸಭೆ ದಿನಕ್ಕೆ ಗೋಡೆ ಮೇಲೆ ಆ ಮಾತು ಬರೆಸೋಕೆ ಪೇಂಟರಿಗೂ ಹೇಳಾಗಿದೆ. "ಅಕ್ಕಾ" ಅಂದಿದ್ದನ್ನ ಮಾತ್ರ ಯಾರಿಗೂ ಹೇಳಲಿಲ್ಲ. ನಿಮಗೂ ಹೇಳಬೇಕು ಅನ್ನಿಸಲಿಲ್ಲ. ಎಲ್ಲಾ ನಿಮ್ಮದೇ ಆಗಿತ್ತು, ಕೊನೇ ಮಾತಾದ್ರೂ ನನ್ನ ಹತ್ರ ಇರಲಿ ಅನ್ನಿಸ್ತು.

ಟೈಲರಮ್ಮ


ಮಾರ್ಚ್ 3

ಟೈಲರಮ್ಮನವರಿಗೆ,

ಉತ್ತರ ತಡವಾಯಿತು. ಬರೆದೆ, ಹರಿದೆ, ಮತ್ತೆ ಬರೆದೆ.

ನಿಮ್ಮ ಪತ್ರ ಓದಿ ನನಗೆ ಬಂದದ್ದು ದುಃಖ ಅಲ್ಲ. ಹೊಟ್ಟೆ ಭಗ್ಗಂತ ಉರಿಯಿತು. ಅವಳು ನನ್ನನ್ನು ಕರೆದಳು, ನೀವು "ಹೂಂ" ಅಂದಿರಿ. ನನ್ನ ಜಾಗದಲ್ಲಿ ಹೂಂ ಅನ್ನಲು ನಿಮಗೆ ಯಾರು ಹೇಳಿದರು? ನಾನಿಲ್ಲಿ ಪ್ಲಾಸ್ಟರ್ ಹಾಕಿಸಿಕೊಂಡು ಮರದ ಕೊರಡಿನ ಹಾಗೆ ಬಿದ್ದಿದ್ದೆ, ಅವಳು ಅಕ್ಕ ಬಂದಿದ್ದಾಳೆ ಅಂದುಕೊಂಡು ಬೇರೆ ಯಾರದೋ ಕೈ ಹಿಡಿದುಕೊಂಡು ಹೋದಳು. ಎಷ್ಟೋ ದಿನ ಮನೆಯಲ್ಲಿ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ. ಸೊಸೆ ಪಾಪ, ತನ್ನಿಂದ ಏನು ತಪ್ಪಾಯಿತೋ ಅಂತ ಮುಖ ಸಣ್ಣ ಮಾಡಿಕೊಂಡು ಓಡಾಡಿದಳು.

ಮೊನ್ನೆ ಬೆಳಿಗ್ಗೆ ಅದೇ ಸೊಸೆ ಹಾಸಿಗೆಯ ಬೆಡ್‌ಶೀಟ್ ಬದಲಾಯಿಸಲು ಬಂದಳು. ನಾನು ಏಳಲಿಲ್ಲ. "ಅತ್ತೇ, ಸ್ವಲ್ಪ ಆ ಕಡೆ ಸರೀರಿ" ಅಂದಳು.

ಟೈಲರಮ್ಮ, ನಾನು ನಗಲು ಶುರು ಮಾಡಿದವಳು ನಿಲ್ಲಿಸಲಾಗಲಿಲ್ಲ. ಸೊಸೆ ಹೆದರಿ ಗಂಡನನ್ನು ಕೂಗಿದಳು.

ಅವಳು ಹೇಳಿದ್ದು ಎಲ್ಲಾ ಸರಿಯಾಗಿದೆ ಅಂತ ಅಲ್ಲ. ಸರಿ, ಆ ಕಡೆ ಸರಿ, ಜಾಗ ಬಿಡು ಅಂತ!

ನಮ್ಮ ಮನೆಯಲ್ಲಿ ಇದ್ದದ್ದು ಮಕ್ಕಳಿಗೆ ಒಂದೇ ಮಂಚ, ಅದೂ ಇಕ್ಕಟ್ಟು. ಅವಳು ಗೋಡೆ ಕಡೆ, ನಾನು ಹೊರಗಡೆ. ನಾನು ಕೈಕಾಲು ಚಾಚಿ ರಾಜನ ಹಾಗೆ ಮಲಗುವವಳು. ಅವಳು ಗೋಡೆಗೆ ಒತ್ತಿಕೊಂಡು, "ಅಕ್ಕಾ, ಸರಿ. ಅಕ್ಕಾ, ಸರಿಯೇ!" ಅಂತ ಬೆನ್ನಿಗೆ ಪಾದ ಇಟ್ಟು ನೂಕುತ್ತಿದ್ದಳು. ನಾನು ನಿದ್ದೆ ಬಂದವಳ ಹಾಗೆ ಗೊರಕೆ ಹೊಡೆಯುತ್ತಿದ್ದೆ. ಆಮೇಲೆ ನರ್ಸಿಂಗ್ ಹಾಸ್ಟೆಲಿನಲ್ಲಿ ಬೇರೆ ಬೇರೆ ಮಂಚ ಸಿಕ್ಕರೂ ಚಳಿ ಅಂತ ನನ್ನ ಮಂಚಕ್ಕೇ ಬರುವಳು, ಬಂದು ಮತ್ತೆ ಅದೇ ಪಾಠ. ದೇವರಾಣೆ ಹೇಳುತ್ತೇನೆ, ಒಂದು ದಿನವೂ ನಾನು ಒಂದಿಂಚು ಸರಿದವಳಲ್ಲ.

ನೀವು ಮಂಚದ ಅಂಚಿನಲ್ಲಿ ಕೂತಿದ್ದೆ ಅಂತ ಬರೆದಿದ್ದೀರಿ. ಒಂದು ಹೇಳಿ, ಅವಳು ಹಾಗೆಂದಾಗ ನೀವು ಏನು ಮಾಡಿದಿರಿ? ಸರಿದಿರಾ?

ಅವಳ ಅಕ್ಕ


ಮಾರ್ಚ್ 8

ಮೇಟ್ರನ್ ಅವರಿಗೆ,

ನಿಮ್ಮ ಕಾಗದ ಓದಿ ಅಂಗಡಿ ಬಾಗಿಲು ಹಾಕ್ಕೊಂಡು ಒಳಗೆ ಕೂತೆ.

ನನ್ನ ಹತ್ರ ಇದ್ದದ್ದು ಒಂದೇ ಒಂದು ಮಾತು. ಅದನ್ನೂ ನಿಮ್ಮ ಮನೆ ಮಂಚಕ್ಕೆ ಎಳ್ಕೊಂಡು ಹೋದಿರಿ. ಎಷ್ಟು ಸಲ ಅಂಗಡೀಲಿ ಒಬ್ಬಳೇ ಕೂತಾಗ ಆ "ಸರಿ" ನೆನೆಸ್ಕೊಂಡು ಧೈರ್ಯ ತಗೊಂಡಿದೀನಿ. ನೀವು ನಕ್ಕುಬಿಟ್ಟಿರಿ. ನಗೋಕೆ ನಿಮಗೇನು, ನಿಮ್ಮ ತಂಗಿ ನಿಮ್ಮ ಹತ್ರ ಜಗಳ ಆಡ್ಕೊಂಡೇ ಹೋದರು. ನನ್ನ ಹತ್ರ ಒಂದು ದಿನಾನೂ ಜಗಳ ಆಡಲಿಲ್ಲ. "ಟೈಲರಮ್ಮ, ಥ್ಯಾಂಕ್ಸ್ ಕಣಮ್ಮ" ಅನ್ನೋರು. ಈಗ ಗೊತ್ತಾಗ್ತಿದೆ, ಥ್ಯಾಂಕ್ಸ್ ಹೇಳೋದು ಹೊರಗಿನವರಿಗೆ.

ಪೇಂಟರಿಗೆ ನಿಲ್ಲಿಸು ಅಂತ ಹೇಳಿ ಕಳಿಸಿದೆ. ಇನ್ನೂ ಪೆನ್ಸಿಲಲ್ಲಿ ಗೀಚಿದ್ದರು ಅಷ್ಟೇ.

ನೀವು ಕೇಳಿದ್ದಕ್ಕೆ ಉತ್ತರ. ನಾನು ಅವರು ಹೊದ್ದಿದ್ದ ಬೆಡ್‌ಶೀಟಿನ ಮೇಲೇ ಕೂತಿದ್ದೆ. ಕೂತೂ ಕೂತೂ ಕಾಲು ಜೋಮು ಹಿಡಿದಿತ್ತು. ಅವರು ಹಾಗಂದ ಮೇಲೆ, ಸಮಾಧಾನ ಆಗಿದಾರೆ, ಇನ್ನು ಮಲಗಲಿ ಅಂತ ನಾನು ಎದ್ದು ಪಕ್ಕದ ಸ್ಟೂಲಿಗೆ ಹೋದೆ. ನಾನು ಎದ್ದ ಜಾಗಕ್ಕೆ ಅವರು ಆಡೋ ಕಾಲನ್ನ ನಿಧಾನಕ್ಕೆ ಚಾಚಿದರು. ಬೆಡ್‌ಶೀಟನ್ನ ಒಂದು ಕೈಯಲ್ಲಿ ತನ್ನ ಕಡೆ ಎಳ್ಕೊಂಡರು. ಉಸ್ಸಂತ ಉಸಿರು ಬಿಟ್ಟರು. ಆಮೇಲೆ ನಿದ್ದೆ.

ಹಾಗಾದ್ರೆ ಸರಿದಿದೀನಿ. ಗೊತ್ತಿಲ್ಲದೆ.

ಟೈಲರಮ್ಮ


ಮಾರ್ಚ್ 12

ಟೈಲರಮ್ಮನವರಿಗೆ,

ಸರಿದಿರಲ್ಲ, ಸಾಕು. ನಾನು ಅಲ್ಲಿದ್ದಿದ್ದರೆ ನನಗೆ ತಕ್ಷಣ ಅರ್ಥವಾಗುತ್ತಿತ್ತು, ಅರ್ಥವಾಗಿಯೂ ಸರಿಯುತ್ತಿರಲಿಲ್ಲ. ಅವಳನ್ನು ಗೋಳು ಹೊಯ್ದುಕೊಳ್ಳುವುದಕ್ಕಾದರೂ ಅಲ್ಲೇ ಕೂತಿರುತ್ತಿದ್ದೆ. ಅವಳಿಗೆ ಕೊನೆಗೆ ಒಬ್ಬ ಒಳ್ಳೆಯ ಅಕ್ಕ ಸಿಕ್ಕಳು. ಅದನ್ನು ಬರೆಯುವಾಗಲೂ ನನಗೆ ಉರಿಯುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಪ್ಲಾಸ್ಟರ್ ತೆಗೆದಿದ್ದಾರೆ. ಕೋಲು ಹಿಡಿದು ಓಡಾಡಬಹುದು. ಸಭೆಗೆ ನಾನೇ ಬರುತ್ತೇನೆ. ಮಗ ಬೇಡ ಅಂತ ಕುಣಿಯುತ್ತಿದ್ದಾನೆ, ಕುಣಿಯಲಿ. ನನ್ನನ್ನು ವೇದಿಕೆ ಹತ್ತಿಸಬೇಡಿ. ಕೈ ಇರುವ ಕುರ್ಚಿ ಒಂದಿರಲಿ, ಮುಂದಿನ ಸಾಲಿನಲ್ಲಿ. ಸಭೆಗೆ ಮುಂಚೆ ಡಯಾಲಿಸಿಸ್ ವಾರ್ಡು ನೋಡಬೇಕು. ಆ ದಿನ ಡ್ರೈವರ್ ಅಲ್ಲಿರುವ ಹಾಗೆ ಮಾಡಿ. ಏನು ಹೇಳಿ ಕರೆತರುತ್ತೀರೋ ನಿಮಗೆ ಬಿಟ್ಟದ್ದು, ಟಿಕೆಟ್ ಮಾತು ಮಾತ್ರ ಬೇಡ.

ಪೇಂಟರಿಗೆ ಕೆಲಸ ಮುಂದುವರಿಸಲು ಹೇಳಿ.

ಅವಳ ಅಕ್ಕ


ಏಪ್ರಿಲ್ 2

ಮೇಟ್ರನ್ ಅಮ್ಮನವರಿಗೆ,

ನೀವು ಊರು ಸೇರಿದ್ದು ಗೊತ್ತಾಯ್ತು. ಕಾಲು ನೋವಿದೆಯಾ? ಅಷ್ಟು ಹೊತ್ತು ನಿಲ್ಲಬೇಡಿ ಅಂತ ಎಷ್ಟು ಹೇಳಿದೆ.

ಮನಸಲ್ಲಿರೋದನ್ನ ಬರೆದುಬಿಡ್ತೀನಿ. ನೀವು ವಾರ್ಡಿನ ಬಾಗಿಲಲ್ಲಿ ಕೋಲು ಊರಿ ನಿಂತಾಗ ನನಗೆ ಸಿಸ್ಟರೇ ಬಂದ ಹಾಗಾಯ್ತು. ಅದೇ ಹುಬ್ಬು, ಅದೇ ಕುತ್ತಿಗೆ. ನಗು ಮಾತ್ರ ಇಲ್ಲ. ಎಲ್ಲರೂ ಎದ್ದು ಕೂತರು. ಡ್ರೈವರ್ ಅವತ್ತು ನಿಮ್ಮನ್ನ ನೋಡೋಕೆ ಅಂತಾನೇ ಬಂದಿದ್ದರು, ಮೆಷಿನ್ನಿಗೆ ಕೈ ಕೊಡಲ್ಲ ಅಂತ ಮೊದಲೇ ಹೇಳಿದ್ದರು. ನೀವು ನಮಸ್ಕಾರ ಇಲ್ಲ, ಹೇಗಿದೀರಿ ಇಲ್ಲ, ನೆಟ್ಟಗೆ ಹೋಗಿ ಅವರ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಿರಿ. ಗುಳಿ ಬಿತ್ತು, ಬಿದ್ದದ್ದು ಹಾಗೇ ಇತ್ತು.

"ಇದೇನ್ರೀ ಇದು, ಕಾಲೋ ಕೆರೆಯೋ? ಮೀನು ಬಿಟ್ಟಿದೀರಾ?"

ಡ್ರೈವರ್ ತಲೆ ತಗ್ಗಿಸಿದರು. "ನಾಚಿಕೆ ಆಗಲ್ವಾ" ಅಂತ ಶುರು ಮಾಡಿದಿರಿ ನೋಡಿ, ಅವರ ಹೆಂಡತಿಯಿಂದ ಹಿಡಿದು ಅವರು ಓಡಿಸ್ತಿದ್ದ ಬಸ್ಸಿನ ಬ್ರೇಕಿನವರೆಗೆ ಒಂದನ್ನೂ ಬಿಡಲಿಲ್ಲ. ಬೈದಿದ್ದು ನೀವು, ನಗ್ತಾ ಇದ್ದಿದ್ದು ಅವರು. ಅವರ ಹೊಟ್ಟೆ ಕುಣೀತಿತ್ತು. "ನೀವೂ ಥೇಟ್ ಸಿಸ್ಟರ್ ಥರಾನೇ" ಅಂದರು.

"ನಾನು ಅವಳ ಥರ ಅಲ್ಲ. ಅವಳು ನನ್ನ ಥರ. ಮೊದಲು ಹುಟ್ಟಿದ್ದು ನಾನು" ಅಂದಿರಿ.

ಅವರು ಕುರ್ಚೀಲಿ ಕೂತು ಕೈ ಚಾಚಿದರು. ಹನ್ನೆರಡು ವರ್ಷ ಆ ವಾರ್ಡಿನಲ್ಲಿ ಇದ್ದವಳು ನಾನು, ನನ್ನ ಮಾತಿಗೆ ಅವರು ಒಂದು ಸಲಾನೂ ಹಲ್ಲು ಕಿರಿದವರಲ್ಲ. ನೀವು ಬಂದು ಚಹಾ ಕುಡಿಯೋಷ್ಟು ಹೊತ್ತೂ ಆಗಿರಲಿಲ್ಲ. ಪರದೆ ಹಿಂದೆ ಹೋಗಿ ನಿಂತೆ. ನನಗೆ ಸಂತೋಷಾನೂ ಆಯ್ತು, ಒಳಗೆ ಒಂದು ಕಡೆ ಚುರ್ರ್ ಅಂತಾನೂ ಅಂತು.

ಆಮೇಲೆ ಸಭೇಲಿ ಆಸ್ಪತ್ರೆ ಸೂಪರಿಂಟೆಂಡೆಂಟ್ ಗೋಡೆ ಕಡೆ ಕೈ ತೋರಿಸಿ, "ಎಲ್ಲವೂ ಸರಿ ಅಂತ ಹೇಳಿ ಕಣ್ಮುಚ್ಚಿದ ಮಹಾತಾಯಿ" ಅಂದಾಗ ನನ್ನ ಜೀವ ಬಾಯಿಗೆ ಬಂತು. ಇಡೀ ಸಭೆ ಮೂಗು ಸೀಟ್ತಿತ್ತು. ಅವರು ನಿಮ್ಮ ಕಡೆ ತಿರುಗಿ, "ಅಲ್ವಾ ಅಮ್ಮಾ?" ಅಂದರು. ಈಗ ಮುಗೀತು, ಎಲ್ಲರ ಮುಂದೆ ನನ್ನ ಮಾನ ಹೋಯ್ತು ಅಂದ್ಕೊಂಡೆ. ನೀವು ಎದ್ದು ನಿಂತು, "ಹೌದು. ಅವಳು ಹೇಳಿದ್ದು ಅದೇ ಮಾತು. ಕೇಳಿಸ್ಕೊಂಡ ಟೈಲರಮ್ಮ ಅವಳು ಹೇಳಿದ ಹಾಗೇ ಮಾಡಿದರು" ಅಂದಿರಿ. ಅಷ್ಟು ಹೇಳಿ ನನ್ನ ಕಡೆ ನೋಡಬಾರದಿತ್ತು ನೀವು. ನೋಡಿದಿರಿ. ಸೆರಗು ಬಾಯಿಗೆ ತುರುಕಿಕೊಂಡರೂ ನನಗೆ ತಡೆಯೋಕಾಗಲಿಲ್ಲ. ನಿಮ್ಮ ಹೆಗಲೂ ಕುಣೀತಿತ್ತು. ನಾವಿಬ್ಬರೂ ಅಳ್ತಿದೀವಿ ಅಂತ ಹಿಂದಿನ ಸಾಲಿನವರು ನಮಗೆ ನೀರು ತಂದುಕೊಟ್ಟರು.

ಆ ನೀರು ಕುಡಿಯೋವಾಗ ನಿಜವಾಗ್ಲೂ ಅಳು ಬಂತು. ನಿಮಗೂ ಬಂತು, ನಾನು ನೋಡಿದೆ.

ಡ್ರೈವರ್ ಆಮೇಲೆ ಒಂದು ಸರದೀನೂ ತಪ್ಪಿಸಿಲ್ಲ. ಒಳ್ಳೇದಾಯ್ತು. ಆದ್ರೆ ಬಂದ ತಕ್ಷಣ ಕೇಳೋದು ಒಂದೇ, "ಮೇಟ್ರನ್ ಮತ್ತೆ ಯಾವಾಗ ಬರ್ತಾರೆ? ಬೈಯೋರಿಲ್ಲದೆ ಮೈ ಜಡ್ಡು ಹಿಡಿದಿದೆ." ಪಕ್ಕದ ಕುರ್ಚಿಯವರೂ ಅದನ್ನೇ ಕೇಳ್ತಾರೆ. ನಾನು ಅವರ ದಿಂಬಿನ ಕವರ್ ಹೊಲಿದಿದ್ದು ಯಾರಿಗೂ ಲೆಕ್ಕಕ್ಕಿಲ್ಲ.

ಮತ್ತೆ ಬನ್ನಿ. ಸಿಸ್ಟರ್ ಮನೆ ಗುಡಿಸಿ ಇಟ್ಟಿದೀನಿ. ಬಂದಾಗ ಒಂದು ಕೆಲಸ ಮಾಡಿ, ವಾರ್ಡಿನಲ್ಲಿ ಎಲ್ಲರ ಮುಂದೆ ನನ್ನನ್ನೂ ಒಂದು ಸಲ ಬೈಯಿರಿ. ಡ್ರೈವರೊಬ್ಬರನ್ನೇ ಬೈದರೆ ನನಗೆ ಹೊಟ್ಟೆ ಉರಿಯುತ್ತೆ.

ಇಂತಿ,
ಟೈಲರಮ್ಮ


ಏಪ್ರಿಲ್ 9

ಟೈಲರಮ್ಮ,

ನಿನ್ನನ್ನು ಬೈಯಲು ಊರಿಗೇ ಬರಬೇಕಾ? ಇಲ್ಲಿಂದಲೇ ಶುರು ಮಾಡುತ್ತೇನೆ, ನಿಂತುಕೊಂಡು ಓದು.

ಅಷ್ಟು ದಿನ ಜೊತೆಗಿದ್ದೆ, ನಿನ್ನ ಪಾದ ಊದಿರುವುದು ನನ್ನ ಕಣ್ಣಿಗೆ ಬೀಳಲಿಲ್ಲ ಅಂದುಕೊಂಡೆಯಾ? ದಿನವೆಲ್ಲ ಮೆಷಿನ್ ತುಳಿಯುತ್ತೀಯ, ಆಮೇಲೆ ವಾರ್ಡಿನಲ್ಲಿ ನಿಂತೇ ಇರುತ್ತೀಯ. ಊರಿನವರ ಕಾಲಿಗೆ ನೀರು ಕಾಯಿಸುತ್ತೀಯ, ನಿನ್ನ ಕಾಲಿಗೆ ಯಾರು ಕಾಯಿಸುತ್ತಾರೆ? ಬಿ.ಪಿ. ಯಾವಾಗ ನೋಡಿಸಿದೆ? ಆಸ್ಪತ್ರೆಯೊಳಗೇ ಬಿದ್ದುಕೊಂಡಿದ್ದು ಒಂದು ಸಲವೂ ನೋಡಿಸಿಲ್ಲ ಅಂತ ಅಲ್ಲಿಯ ನರ್ಸೇ ನನಗೆ ಹೇಳಿದಳು. ಬುದ್ಧಿ ಎಲ್ಲಿ ಅಡ ಇಟ್ಟಿದ್ದೀಯ? ನಾಳೆಯೇ ನೋಡಿಸಿ ಎಷ್ಟಿದೆ ಅಂತ ಬರೆ. ಸುಳ್ಳು ಬರೆದರೆ ನನಗೆ ಗೊತ್ತಾಗುತ್ತದೆ. ಇನ್ನು ನಿನ್ನ ಅಕ್ಷರವೋ, ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದ ಹಾಗಿದೆ. ಕನ್ನಡಕ ಬದಲಾಯಿಸು.

ಮುಂದಿನ ತಿಂಗಳು ಮೊದಲ ವಾರ ಬರುತ್ತಿದ್ದೇನೆ. ಎಷ್ಟು ದಿನ ಇರುತ್ತೇನೆ ಅಂತ ಮಗನಿಗೆ ಹೇಳಿಲ್ಲ, ನಿನಗೂ ಹೇಳುವುದಿಲ್ಲ. ಡ್ರೈವರಿಗೆ ಹೇಳು, ಬೈಸಿಕೊಳ್ಳುವುದರಲ್ಲಿ ಮೊದಲ ಸರದಿ ನಿನ್ನದು. ಅವನದು ಏನಿದ್ದರೂ ಆಮೇಲೆ.

ಅಕ್ಕ